ನಮ್ಮ ದೇಶದ ಕಾಲ್ಚೆಂಡಿನ ತಂಡ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಮೊದಲಾದ ಊರುಗಳ ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಕಾಲ್ಚೆಂಡಾಟವು ಗಂಡುಮಕ್ಕಳಿಗೇ ಮೀಸಲಾದುದೆಂದು ಎಣಿಸಿರುವರು. ಆದುದರಿಂದ ದೇಶದ ತಂಡದ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ನಿವೇದಿಸುವೆವು.

ಸ್ವತಂತ್ರ ಭಾರತದ ತಂಡವು 1948ರಲ್ಲಿ ಲಂಡನ್ ನಗರದ ಒಲಿಂಪಿಕ್ ಕ್ರೀಡೆಗಳಿಗೆ ತೆರಳಿತು. ಅದರ ನಾಯಕರಾದ ತಾಲಿಮೆರೆನ್ ಆವೋ ಎಂಬವರು ನಾಗಾ ಗುಡ್ಡಗಳ ಸಭಾಪಾಲಕರೊಬ್ಬರ ಪುತ್ರರು, ತರುವಾಯ ವೈದ್ಯರಾದವರು. ಬೆಂಗಳೂರಿನ ಸಾರಂಗಪಾಣಿ ರಾಮನ್, ಅಹಮದ್ ಖಾನ್ ಮುಂತಾದವರೂ ಆ ತಂಡದಲ್ಲಿದ್ದರು. ಜುಲೈ 31ರಂದು ಫ್ರಾನ್ಸಿನೊಡನೆ ಪಂದ್ಯ. ಎದುರಾಳಿಗಳಿಗೆ ಬೂಟು, ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಫ್ರಾನ್ಸಿನವರು ಮೊದಲು ಗೋಲು ಹೊಡೆಯಲು, ರಾಮನ್ನರು ಅದನ್ನು ಸರಿಗಟ್ಟಿದರು. ದೊರೆತ ಎರಡು ಪೆನಾಲ್ಟಿಗಳನ್ನೂ ನಮ್ಮವರು ವ್ಯರ್ಥಗೊಳಿಸಿದರು. ಆಟವು ಮುಗಿಯುತ್ತಿರುವಾಗ ಇನ್ನೊಂದು ಗೋಲು ಬಿದ್ದು, ಫ್ರಾನ್ಸ್ 2–1ರಿಂದ ಗೆದ್ದಿತು. ಆ ಎರಡು ಪೆನಾಲ್ಟಿಗಳನ್ನು ನೆನೆದರೆ ಈಗಲೂ ನಮ್ಮ ಮನಸ್ಸು ಮರುಗುವುದು.

1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯವು ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲು ಅಹಮದ್ ಖಾನರದು. ಇದಾದ ಮೇಲೆ ಬೂಟು ತೊಡುವುದು ಕಡ್ಡಾಯವಾಯಿತು. ಸೋಲುಗಳನ್ನೇ ಹೇಳಿದೆವೆಂದು ತಿಳಿಯಬಾರದು: 1951ರಲ್ಲಿ ದಿಲ್ಲಿಯಲ್ಲಿಯೂ 1962ರಲ್ಲಿ ಜಕಾರ್ತದಲ್ಲಿಯೂ ಏಶ್ಯದ ಕ್ರೀಡೆಗಳ ಸುವರ್ಣಪದಕವು ನಮ್ಮದಾಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಕಿನಲ್ಲಿ ನಾಲ್ಕನೆಯ ಸ್ಥಾನ ದೊರೆಯಿತು. ಬೆಂಗಳೂರಿನ ಕೆಂಪಯ್ಯನವರು ಆಗ ತಂಡದಲ್ಲಿದ್ದರು.

ಇನ್ನು ಹೆಣ್ಣುಮಕ್ಕಳ ವಿಷಯ. ಅವರ ಆಟವನ್ನು ನಡೆಯಿಸಲು ಅಖಿಲ ಭಾರತದ ಸಂಘವು ಹುಟ್ಟಿದ್ದು 1975ರಲ್ಲಿ. ಐದೇ ವರ್ಷಗಳಲ್ಲಿ, 1980ರಲ್ಲಿ, ಕಲ್ಲಿಕೋಟೆಯಲ್ಲಿ ನಡೆದ ಏಶ್ಯದ ಪಂದ್ಯಾವಳಿಯಲ್ಲಿ ನಮ್ಮ ತಂಡವು ಎರಡನೆಯದಾಯಿತು. 1983ರಲ್ಲಿ ಮತ್ತೊಮ್ಮೆ ಅಂತಿಮ ಪಂದ್ಯಕ್ಕೇರಿ ಥೈಲಂಡಿಗೆ ಸೋತಿತು. ಅದೇ ವರ್ಷ ಶಾಂತಿ ಮಲ್ಲಿಕ್ ಎಂಬವರಿಗೆ ಅರ್ಜುನ ಪ್ರಶಸ್ತಿ ಸಂದಿತು. ನಮ್ಮ ನಾಡಿನ ಚಿತ್ರಾ ಗಂಗಾಧರನ್ ಎಂಬವರು ಭಾರತಕ್ಕಾಗಿ ಆಡಿ, ಬಳಿಕ ತರಬೇತಿಯನ್ನೂ ಕೊಟ್ಟರು. ಇಷ್ಟು ಸಾಮರ್ಥ್ಯವಿದ್ದರೂ, ಸಾಕಷ್ಟು ಪಂದ್ಯಗಳನ್ನು ಆಡಿಸದ ಕಾರಣ 2009ರಲ್ಲಿ ತಂಡದ ಹೆಸರು ವಿಶ್ವದ ಶ್ರೇಣಿಪಟ್ಟಿಯಿಂದ ಬಿಟ್ಟುಹೋಯಿತು. ಇದು ಆಟಗಾರ್ತಿಯರ ಕುಂದಲ್ಲ. ಬಯಲನ್ನೂ ಪ್ರಯಾಣದ ಹಣವನ್ನೂ ಒದಗಿಸಬೇಕಾದ ಹಿರಿಯರ ಔದಾಸೀನ್ಯವೆಂದು ನಾವು ಸಂಕೋಚವಿಲ್ಲದೆ ಹೇಳುವೆವು.

ಮರುವರ್ಷದಿಂದ 2019ರ ವರೆಗೆ ದಕ್ಷಿಣ ಏಶ್ಯದ ಪಂದ್ಯಾವಳಿಯನ್ನು ಅವರು ಸತತವಾಗಿ ಐದು ಬಾರಿ ಗೆದ್ದರು. 2021ರಲ್ಲಿ ಬ್ರೆಜಿಲಿನವರು 6–1ರಿಂದ ಸೋಲಿಸಿದಾಗ ನಮ್ಮ ಕಡೆಯ ಗೋಲನ್ನು ಪಂಜಾಬಿನ ಮನೀಷಾ ಕಲ್ಯಾಣ್ ಹೊಡೆದರು. ಅಹಮದ್ ಖಾನರ ಗೋಲಿನೊಡನೆ ಇದನ್ನೂ ನಾವು ಎಣಿಸುವೆವು. 2025ರ ಜುಲೈ 5ರಂದು ಚಿಯಾಂಗ್ ಮಾಯ್ ನಗರದಲ್ಲಿ, ಅದೇ ಥೈಲಂಡನ್ನು ಅವರದೇ ಬಯಲಿನಲ್ಲಿ 2–1ರಿಂದ ಗೆದ್ದು, 2026ರ ಏಶ್ಯಾ ಕಪ್ಪಿಗೆ ನಮ್ಮ ತಂಡವು ಅರ್ಹತೆ ಪಡೆಯಿತು. ಎರಡು ಗೋಲುಗಳನ್ನೂ ಬಂಗಾಳದ ಸಂಗೀತಾ ಬಾಸ್ಫೋರ್ ಹೊಡೆದರು.