ಸೋಲಾರ್ ಪ್ಯಾನೆಲ್: ಮೊದಲು ನೆರಳು ಅಳೆಯಿರಿ

2024ರಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆ ಮನೆಯ 3 ಕಿಲೋವಾಟಿಗೆ 78,000 ರೂ. ಸಹಾಯಧನ ಘೋಷಿಸಿದ ಮೇಲೆ ಸೋಲಾರ್ ವಿಚಾರಿಸುವ ಕೃಷಿಕರು ಹೆಚ್ಚಾಗಿದ್ದಾರೆ. ಎಲ್ಲರೂ ಕೇಳುವುದು ದರ. ಆದರೆ ಅಡಿಕೆ ತೋಟದ ನಡುವೆ ಮನೆ ಇರುವವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ, ‘ಪ್ಯಾನೆಲ್ ಕೂರಿಸುವುದು ಎಲ್ಲಿ ಮಾರಾಯ್ರೇ?’

ನೆರಳಿನ ಲೆಕ್ಕ

ನಮ್ಮಲ್ಲಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, 12-15 ಡಿಗ್ರಿ ಓರೆಯಾಗಿರಬೇಕು. ಪುತ್ತೂರು-ಸುಳ್ಯದ ಕಡೆ ಡಿಸೆಂಬರಿನಲ್ಲಿ 50 ಅಡಿ ಎತ್ತರದ ಅಡಿಕೆ ಮರದ ನೆರಳು ನಡುಮಧ್ಯಾಹ್ನವೇ ಉತ್ತರಕ್ಕೆ ಸುಮಾರು 36 ಅಡಿ ಚಾಚುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಅದು 75 ಅಡಿಯ ಹತ್ತಿರ. ಪ್ಯಾನೆಲಿನ ಬಿಲ್ಲೆಗಳು ಸಾಲಾಗಿ ಜೋಡಿಸಿದವು. ಒಂದು ಸೋಗೆಯ ನೆರಳು ಬಿದ್ದರೂ ಆ ಸಾಲಿನ ಕರೆಂಟೇ ಇಳಿಯುತ್ತದೆ. ಪೈಪಿನ ಮೇಲೆ ಕಾಲಿಟ್ಟ ಹಾಗೆ. ಇಂದು ಗಿಡ್ಡವಾಗಿರುವ ಸಸಿ ನಾಳೆ ಮರವಾಗುತ್ತದೆ ಎಂಬುದೂ ನೆನಪಿರಲಿ.

ಹಂಚಿನ ಮಾಡು

ಹಂಚಿನ ಮಾಡಿನ ಇಳಿಜಾರು ಜಾಸ್ತಿ. ಆದರೂ ತೆಂಕು ಮುಖವಾದರೆ ನಷ್ಟ ಅಲ್ಪ, ಮಾಡಿಗೆ ಸಮವಾಗಿಯೇ ಕೂರಿಸಬಹುದು. ಬಡಗು ಮುಖ ಬೇಡ. 540 ವಾಟಿನ ಒಂದು ಪ್ಯಾನೆಲ್ ಸುಮಾರು 28 ಕಿಲೋ ತೂಗುತ್ತದೆ. ಈ ಭಾರ ಹಂಚಿನ ಮೇಲೂ ಬೀಳಬಾರದು, ರೀಪಿನ ಮೇಲೂ ಬೀಳಬಾರದು. ಕೊಕ್ಕೆಗಳನ್ನು ಪಕ್ಕಾಸಿಗೇ ಬಿಗಿಸಿ. ಗೆದ್ದಲು ಹಿಡಿದ ಪಕ್ಕಾಸಿದ್ದರೆ ಮೊದಲೇ ಬದಲಿಸಿ. ಪ್ಯಾನೆಲ್ ಕಾದಷ್ಟೂ ಉತ್ಪಾದನೆ ಕಡಿಮೆ. ಅಡಿಯಲ್ಲಿ ಗಾಳಿಯಾಡಲು ನಾಲ್ಕಾರು ಇಂಚು ಸಂದು ಬೇಕು. ಮಂಗ ಹಂಚು ಒಡೆದರೆ ಬದಲಿಸಲು ಆಳು ಹೋಗುವಷ್ಟು ಜಾಗವೂ ಇರಲಿ.

ತಾರಸಿ

ಇಲ್ಲಿ ಕೂರಿಸುವುದು ಸುಲಭ. ಆದರೆ ಅಡಿಕೆ ಒಣಗಿಸುವುದೂ ಅಲ್ಲೇ ಅಲ್ಲವೇ? ಎತ್ತರಿಸಿ ನಿಲ್ಲಿಸಿದರೆ ಅಡಿಯಲ್ಲಿ ಓಡಾಡಬಹುದು, ಬಿಸಿಲು ಸಿಗದು. ಒಂದೊಂದು ಪ್ಯಾನೆಲೂ 28 ಚದರ ಅಡಿ. ಗಾಳಿಗೆ ಹಾಯಿಯ ಹಾಗೆ ಎತ್ತುತ್ತದೆ. ಎತ್ತರ ಹೆಚ್ಚಿದಷ್ಟೂ ಕಂಬ ಗಟ್ಟಿ ಬೇಕು, ಖರ್ಚೂ ಹೆಚ್ಚು. ಸ್ಲ್ಯಾಬಿಗೆ ತೂತು ಕೊರೆದರೆ ಮಳೆಗಾಲದಲ್ಲಿ ಸೋರೀತು. ಕಾಂಕ್ರೀಟು ದಿಮ್ಮಿಯ ಭಾರ ಕೊಟ್ಟು ನಿಲ್ಲಿಸುವ ಕ್ರಮವೂ ಇದೆ.

ನೆಲ

ಪಂಪಿಗಾದರೆ ಬಾವಿಯ ಹತ್ತಿರದ ಬಯಲು ಜಾಗ ಅನುಕೂಲ. ತೊಳೆಯುವುದೂ ಸುಲಭ. ಕೆಳ ಅಂಚು ನೆಲದಿಂದ ಮೂರಡಿ ಮೇಲಿದ್ದರೆ ಕಳೆ ಮುಚ್ಚುವುದಿಲ್ಲ, ಮಳೆಯ ಕೆಸರು ಸಿಡಿಯುವುದಿಲ್ಲ. ಮಣ್ಣು ತುಂಬಿಸಿದ ಜಾಗದಲ್ಲಿ ಕಂಬ ನೆಡಬೇಡಿ, ಕುಸಿದೀತು. ಸತು ಲೇಪಿಸಿದ ಕಬ್ಬಿಣವೇ ಇರಲಿ. ಸಿಡಿಲಿನ ಊರುಗಳಾದ್ದರಿಂದ ಅರ್ಥಿಂಗ್ ಎಲ್ಲಿ ಕೂರಿಸಿದರೂ ಬೇಕೇ ಬೇಕು.

ಎಲ್ಲೂ ಬಿಸಿಲಿಲ್ಲ ಎಂದಾದರೆ ಮರ ಕಡಿಯುವ ಮಾತು ಬರುತ್ತದೆ. ಆಗ ಕಡಿಯುವ ಮರಗಳ ಫಸಲನ್ನೂ ಸೋಲಾರ್ ಖರ್ಚಿಗೆ ಸೇರಿಸಿ ನೋಡಿ. ಸಣ್ಣ ಘಟಕವೇ ಸಾಕು ಎಂದು ಕಂಡೀತು. ಮಾರಾಟಗಾರರು ಟೇಪು ಹಿಡಿದು ಬರುವ ಮೊದಲು, ಡಿಸೆಂಬರಿನ ಒಂದು ದಿನ ಬೆಳಿಗ್ಗೆ, ಮಧ್ಯಾಹ್ನ, ಮೂರು ಗಂಟೆಗೆ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಗೂಟ ಹೊಡೆದು ಗುರುತಿಟ್ಟುಕೊಳ್ಳಿ. ಖರ್ಚಿಲ್ಲದ ಕೆಲಸ ಇದೊಂದೇ.