ಉಲ್ಟಾ ಶೇವ್ ತಂದ ಫಜೀತಿ

‘ಹುಡುಗರಿಗೆ ಕ್ಲೀನ್ ಶೇವ್ ಕಡ್ಡಾಯ’. ಆರನೇ ಸೆಮ್‌ನಲ್ಲಿ ಮೊದಲ ಕಂಪನಿ ಕ್ಯಾಂಪಸ್‌ಗೆ ಬರುತ್ತದೆ ಎಂದು ಗ್ರೂಪ್‌ಗೆ ಬಂದ ಮೆಸೇಜ್‌ನ ಕೊನೆಯ ಸಾಲು ಇದು. ಅಲ್ಲಿಯವರೆಗೆ ವಾರಕ್ಕೊಮ್ಮೆ ಕಟಿಂಗ್ ಶಾಪ್‌ಗೆ ಹೋಗಿ ಗಡ್ಡ ಟ್ರಿಮ್ ಮಾಡಿಸಿಕೊಂಡು ಬರುತ್ತಿದ್ದವನು ನಾನು. ಮಾಕ್ ಇಂಟರ್‌ವ್ಯೂ ಶುರುವಾದ ಮೇಲೆ ಐದು ಬ್ಲೇಡಿನ ರೇಜರ್ ತಂದು ದಿನಾ ಶೇವ್ ಮಾಡತೊಡಗಿದೆ. ಸೀದಾ ಒಂದು ಸಲ, ಉಲ್ಟಾ ಎರಡು ಸಲ. ಕತ್ತಿನ ಚರ್ಮವನ್ನು ಎಡಗೈಯಿಂದ ಬಿಗಿಯಾಗಿ ಎಳೆದು ಹಿಡಿದು, ಕೈಗೆ ಒಂದು ಕೂದಲೂ ತಾಗಬಾರದು ಎನ್ನುವ ಹಟ. ಕೆನ್ನೆ ನುಣ್ಣಗಾದಾಗ ಆಗುತ್ತಿದ್ದ ಖುಷಿಯೇ ಬೇರೆ ಬಿಡಿ.

ಎರಡು ವಾರಕ್ಕೆ ಕತ್ತಿನ ತುಂಬಾ ಕೆಂಪು ಗುಳ್ಳೆಗಳೆದ್ದವು. ಮೊಡವೆ ಎಂದುಕೊಂಡು ರೂಮ್‌ಮೇಟ್‌ನ ಕ್ರೀಮ್ ಹಚ್ಚಿದೆ. ಅದರ ಮೇಲೆಯೇ ಮತ್ತೆ ಶೇವ್ ಮಾಡಿದೆ, ಉರಿಯುವ ಆಫ್ಟರ್‌ಶೇವ್ ಸುರಿದುಕೊಂಡೆ. ಸಂದರ್ಶನದ ಹಿಂದಿನ ರಾತ್ರಿ ಕನ್ನಡಿಯಲ್ಲಿ ಸರಿಯಾಗಿ ನೋಡಿದರೆ, ಗುಳ್ಳೆಯೊಂದರ ಒಳಗೆ ಕಪ್ಪು ಕೂದಲು ಸುರುಳಿ ಸುತ್ತಿಕೊಂಡು ಕೂತಿತ್ತು. ಡ್ರಾಯಿಂಗ್ ಬಾಕ್ಸಿನ ಕೈವಾರದ ಮೊನೆಯಿಂದ ಅದನ್ನು ಕೆದಕಿ ತೆಗೆದೆ. ಬಿಇ ಓದುವವನ ಬುದ್ಧಿ!

ಬೆಳಿಗ್ಗೆ ಕತ್ತು ಊದಿಕೊಂಡಿತ್ತು. ಟೈ ಕಟ್ಟಿದ ಕಾಲರ್ ಉಜ್ಜಿ ಉಜ್ಜಿ ಬಿಳಿ ಶರ್ಟಿನ ಮೇಲೆ ರಕ್ತದ ಚುಕ್ಕೆ. ಸಂದರ್ಶನದುದ್ದಕ್ಕೂ ಕತ್ತಿನ ಮೇಲೆ ಕೈ ಇಟ್ಟುಕೊಂಡೇ ಉತ್ತರಿಸಿದೆ. ಆಯ್ಕೆ ಆಗಲಿಲ್ಲ. ಗುಳ್ಳೆಯಿಂದಲೇ ಕೆಲಸ ಹೋಯಿತು ಎಂದರೆ ಸುಳ್ಳಾಗುತ್ತದೆ. ಡಿಬಿಎಂಎಸ್‌ನ ಎರಡು ಪ್ರಶ್ನೆಗೆ ನನ್ನ ಬಾಯಿಂದ ಮಾತೇ ಹೊರಟಿರಲಿಲ್ಲ. ಆದರೆ ಎದುರಿದ್ದವರು ನನ್ನ ಮಾತಿಗಿಂತ ಕಾಲರನ್ನೇ ನೋಡುತ್ತಿದ್ದಾರೆ ಎಂಬ ಅಳುಕು ಇದ್ದದ್ದು ನಿಜ.

ಊರಿಗೆ ಹೋದಾಗ ನಮ್ಮ ಕಟಿಂಗ್ ಶಾಪಿನ ಅಣ್ಣ ನೋಡಿದವನೇ, ‘ಏನಪ್ಪಾ, ಕತ್ತಿನ ತುಂಬ ರಾಗಿ ಚೆಲ್ಲಿದಂಗೆ ಆಗೇತಲ್ಲ? ಉಲ್ಟಾ ಹೊಡ್ಕಂಡಿದೀಯ’ ಅಂದ. ಕತ್ತಿ ಮುಟ್ಟಲು ಒಪ್ಪದೆ, ಮೊದಲು ಡಾಕ್ಟರ ಹತ್ತಿರ ಹೋಗು ಎಂದು ಕಳಿಸಿದ.

ಚರ್ಮದ ಡಾಕ್ಟರ್ ಮೇಡಂ ಇದಕ್ಕೆ ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೇ ಎಂಬ ಹೆಸರು ಹೇಳಿದರು. ವೈವಾದಲ್ಲಿ ಕೇಳಿದ್ದರೆ ಅಲ್ಲೇ ಫೇಲ್. ವಿಷಯ ಮಾತ್ರ ಸರಳ. ನನ್ನದು ಅಮ್ಮನ ಕಡೆಯಿಂದ ಬಂದ ಗುಂಗುರು ಕೂದಲು. ಅದು ಬುಡದಿಂದಲೇ ಬಾಗಿಕೊಂಡು ಬೆಳೆಯುತ್ತದೆ. ಬ್ಲೇಡು ಅದರ ತುದಿಯನ್ನು ಓರೆಯಾಗಿ ಕತ್ತರಿಸಿ ಸೂಜಿಯಂತೆ ಚೂಪು ಮಾಡುತ್ತದೆ. ಆ ಚೂಪು ತುದಿ ಹೊರಬಂದು, ಬಾಗಿ, ಪಕ್ಕದ ಚರ್ಮವನ್ನೇ ಚುಚ್ಚಿ ಒಳಹೋಗುತ್ತದೆ. ಇನ್ನೊಂದು ದಾರಿಯೂ ಇದೆ. ಹಲವು ಬ್ಲೇಡುಗಳ ರೇಜರ್‌ನಲ್ಲಿ ಮುಂದಿನ ಬ್ಲೇಡು ಕೂದಲನ್ನು ಸ್ವಲ್ಪ ಮೇಲೆಳೆಯುತ್ತದೆ, ಹಿಂದಿನದು ಕತ್ತರಿಸುತ್ತದೆ. ಕತ್ತರಿಸಿದ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಜಾರುತ್ತದೆ. ಚರ್ಮ ಎಳೆದು ಹಿಡಿದು ಉಲ್ಟಾ ಶೇವ್ ಮಾಡಿದರೂ ಹೀಗೆಯೇ. ಮತ್ತೆ ಬೆಳೆಯುವಾಗ ಅದು ಹೊರಗೆ ಬರುವ ಬದಲು ಒಳಗೇ ಗೋಡೆ ಕೊರೆಯುತ್ತದೆ. ದೇಹ ಅದನ್ನು ಹೊರಗಿನ ಮುಳ್ಳೆಂದೇ ತಿಳಿದು ಊತ ತರುತ್ತದೆ. ಅಂದರೆ ನಾನು ಯಾವುದನ್ನು ಒಳ್ಳೆಯ ಶೇವ್ ಅಂದುಕೊಂಡಿದ್ದೆನೋ ಅದೇ ರೋಗದ ಮೂಲ.

‘ಮೂರ್ನಾಲ್ಕು ವಾರ ಬ್ಲೇಡು ಮುಟ್ಟಬೇಡ, ಕೂದಲು ಉದ್ದವಾದರೆ ತಾನೇ ಹೊರಬರುತ್ತದೆ. ಕೆದಕಿದರೆ ಕಲೆ ಉಳಿಯುತ್ತದೆ’ ಎಂದರು. ನಾನು ಕೆದಕಿದ ಜಾಗದ ಕಪ್ಪು ಕಲೆ ಈಗಲೂ ಇದೆ. ಕೀವು ಬಂದಿದ್ದರಿಂದ ಮಾತ್ರೆ, ಮುಲಾಮೂ ಕೊಟ್ಟರು.

ಈಗ ಟ್ರಿಮ್ಮರ್‌ನಲ್ಲಿ ಒಂದು ಮಿಲಿಮೀಟರ್ ಉಳಿಸಿಕೊಳ್ಳುತ್ತೇನೆ. ಚೂಪು ತುದಿ ಚರ್ಮದೊಳಗೆ ಜಾರುವ ಪ್ರಶ್ನೆಯೇ ಇಲ್ಲ. ಬ್ಲೇಡೇ ಬೇಕಾದ ದಿನ ಸ್ನಾನವಾದ ಮೇಲೆ, ಕೂದಲು ನೆನೆದು ಮೆತ್ತಗಾಗಿರುವಾಗ ಕೂರುತ್ತೇನೆ. ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಟ್ಟು, ಒಂದೇ ಬ್ಲೇಡಿನ ರೇಜರ್‌ನಿಂದ ಕೂದಲು ಬೆಳೆದಿರುವ ದಿಕ್ಕಿನಲ್ಲೇ, ಒತ್ತದೆ ಎಳೆಯುತ್ತೇನೆ. ಕತ್ತಿನಲ್ಲಿ ಈ ದಿಕ್ಕು ಪಕ್ಕಪಕ್ಕದಲ್ಲೇ ಬದಲಾಗುತ್ತದೆ. ನನ್ನ ಎಡಗಡೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ ಎಂದು ಬೆರಳಾಡಿಸಿ ನೋಡಿದಾಗಲೇ ಗೊತ್ತಾಗಿದ್ದು. ಆಮೇಲೆ ತಣ್ಣೀರು, ವಾಸನೆಯಿಲ್ಲದ ಮಾಯಿಶ್ಚರೈಸರ್. ಬ್ಲೇಡು ಮೊಂಡಾಗುವ ಮೊದಲೇ ಬದಲಿಸುತ್ತೇನೆ. ಹಾಸ್ಟೆಲ್‌ನಲ್ಲಿ ಯಾರು ಕೇಳಿದರೂ ರೇಜರ್ ಕೊಡುವುದಿಲ್ಲ, ಜಿಪುಣ ಅಂದರೂ ಸರಿ.

ಇದು ಬರೀ ಅಂದದ ವಿಷಯವಲ್ಲ ಎಂದು ಆಮೇಲೆ ಓದಿ ತಿಳಿದೆ. ಗುಂಗುರು ಕೂದಲಿನ ಕಪ್ಪು ಜನಾಂಗದವರಲ್ಲಿ ಇದು ತುಂಬಾ ಸಾಮಾನ್ಯ. ಅಮೆರಿಕದ ಸೈನ್ಯದಲ್ಲಿ ಶೇವಿಂಗ್‌ನಿಂದ ವಿನಾಯಿತಿ ಕೊಡುವ ವೈದ್ಯರ ಚೀಟಿಗೆ ‘ಶೇವಿಂಗ್ ಪ್ರೊಫೈಲ್’ ಎಂಬ ಹೆಸರೇ ಇದೆ. ಗಡ್ಡ ಬಿಟ್ಟಿದ್ದಕ್ಕೆ ಪಿಜ್ಜಾ ತಲುಪಿಸುವ ಕೆಲಸ ಕಳೆದುಕೊಂಡವನ ಪ್ರಕರಣದಲ್ಲಿ, ಈ ತೊಂದರೆ ಇರುವವರಿಗೆ ನಿಯಮ ಸಡಿಲಿಸಬೇಕು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 1993ರಲ್ಲಿ ಹೇಳಿತ್ತು.

ಅಷ್ಟು ಓದಿದ ಧೈರ್ಯದಲ್ಲಿ ಡಾಕ್ಟರ ಚೀಟಿ ಹಿಡಿದು ಪ್ಲೇಸ್‌ಮೆಂಟ್ ಸರ್ ಹತ್ತಿರ ಹೋದೆ. ಕೋರ್ಟಿನ ಕಥೆ ಹೇಳುವ ಪ್ರಸಂಗವೇ ಬರಲಿಲ್ಲ. ‘ನೀಟಾಗಿದ್ದರೆ ಸಾಕಪ್ಪ, ಮೊದಲೇ ಕೇಳೋದಲ್ವಾ?’ ಎಂದರು.

ಮುಂದಿನ ಕಂಪನಿ ಬರುವ ತಿಂಗಳು. ಗಡ್ಡ ಸಿದ್ಧವಾಗಿದೆ. ಡಿಬಿಎಂಎಸ್ ಮಾತ್ರ ಇನ್ನೂ ಎರಡು ಮಾಡ್ಯೂಲ್ ಬಾಕಿ.