ಅಜ್ಜಿಯ ಚಗಳಿ ಕಥೆ, ಬೋರಿವಲಿಯ ಮಾವಿನ ಮರ

ಮನೆಯಲ್ಲೇ ಮಕ್ಕಳಿಗೆ ಕಲಿಸುವವರು ಕಥೆ ಕೇಳಿಸೋದನ್ನೂ ಗಿಡಮರ ನೋಡೋದನ್ನೂ ಹೇಗೆ ಜೋಡಿಸಬಹುದು ಅಂತ ಇವತ್ತು ಹೇಳ್ತೀನಿ. ಮೊದಲು ನಾನು ಮಾಡಿದ ತಪ್ಪು.

ನಾವಿರೋದು ಕಾಂದಿವಲಿಯಲ್ಲಿ. ಮಗಳಿಗೆ ಎಂಟು ವರ್ಷ. ಗೆಳತಿಯರ ಜೊತೆ ಹಿಂದಿ, ಕೆಳಗಿನ ಅಂಗಡಿಯಲ್ಲಿ ಮರಾಠಿ, ಪುಸ್ತಕ ಇಂಗ್ಲಿಷು. ಕನ್ನಡ ಅರ್ಥವಾಗುತ್ತೆ, ಬಾಯಿಗೆ ಬರೋದಿಲ್ಲ. ಅದಕ್ಕೇ ದಿನಾ ಮುಕ್ಕಾಲು ಗಂಟೆ ಕನ್ನಡ ಕಥೆಗಳ ಆಡಿಯೋ ಹಾಕಿ, ಮುಗಿದ ಕೂಡಲೇ ಪ್ರಶ್ನೆ ಕೇಳ್ತಿದ್ದೆ. ಎರಡೇ ವಾರಕ್ಕೆ ಸ್ಪೀಕರ್ ಕಂಡರೆ ಬಾತ್‌ರೂಮಿಗೆ ಓಡೋಳು.

ಶಿರಸಿಯಲ್ಲಿರುವ ನಮ್ಮತ್ತೆ "ಅದೇನು ಪರೀಕ್ಷೆನಾ ಮಾರಾಯ್ತಿ?" ಅಂತ ಬೈದು, ವಾಟ್ಸಾಪ್‌ನಲ್ಲಿ ತಾವೇ ಒಂದು ಕಥೆ ಹೇಳಿ ಕಳಿಸಿದರು. ಏಳು ನಿಮಿಷ. ಗೇರುಮರ ಹತ್ತಿ ಚಗಳಿ ಕೊಟ್ಟೆಗೆ ಕೈ ಹಾಕಿದ ಹುಡುಗಿಯ ಕಥೆ; ಹುಡುಗಿ ಅವರೇ. ನಡುವೆ ಕುಕ್ಕರ್ ಸೀಟಿಯೂ ಇದೆ. ಮಗಳು ಮೂರು ಸಲ ಕೇಳಿದಳು.

ಚಗಳಿ ಅಂದ್ರೇನು ಅಂತ ಕೇಳಿದಾಗ ನಾನು ಹೇಳಲಿಲ್ಲ, ಫೋಟೋನೂ ತೋರಿಸಲಿಲ್ಲ. ಚಿತ್ರವಿಲ್ಲದ ಕಥೆಗೆ ಮಗು ತಾನೇ ಚಿತ್ರ ಮಾಡ್ಕೊಳ್ಳುತ್ತೆ. ಹೊರಗೆ ಹೋದಾಗ ಅದನ್ನೇ ಹುಡುಕುತ್ತೆ.

ಭಾನುವಾರ ಬೋರಿವಲಿಯ ನ್ಯಾಷನಲ್ ಪಾರ್ಕಿಗೆ ಹೋದ್ವಿ. (ಸೋಮವಾರ ರಜೆ, ನೆನಪಿಡಿ.) 100 ಚದರ ಕಿಲೋಮೀಟರಿಗೂ ಮಿಕ್ಕ ಕಾಡು; ನಾವು ನಿಂತು ನೋಡಿದ್ದು ಒಂದೇ ಮಾವಿನ ಮರ. ಎಲೆಗಳನ್ನ ಸೇರಿಸಿ ಮಾಡಿದ ಗೂಡು, ಮೇಲೆ ಕೆಂಪಿರುವೆ ಸಾಲು. "ಅಮ್ಮಾ, ಅಜ್ಜಿ ಹೇಳಿದ ಕೊಟ್ಟೆ!"

ಆಮೇಲೆ ವಿಜ್ಞಾನ. ಇರುವೆಗಳು ಒಂದರ ಸೊಂಟ ಒಂದು ಹಿಡಿದು, ಸರಪಳಿಯಾಗಿ ಎಲೆಯಂಚುಗಳನ್ನ ಹತ್ತಿರ ಎಳೀತವೆ. ಬೇರೆ ಕೆಲವು ತಮ್ಮ ಮರಿಹುಳುಗಳನ್ನ ಬಾಯಲ್ಲಿ ಹಿಡಿದು ಅತ್ತಿತ್ತ ತಾಗಿಸ್ತವೆ. ಮರಿಹುಳು ಬಿಡೋ ರೇಷ್ಮೆ ನೂಲೇ ಅಂಟು. ಬೆಳೆದ ಇರುವೆಗೆ ಆ ನೂಲು ಬರೋದಿಲ್ಲ.

ಮನೆಗೆ ಬಂದು ಪ್ರಶ್ನೆ ಕೇಳಲಿಲ್ಲ, "ಅಜ್ಜಿಗೆ ಹೇಳು" ಅಂದೆ. ಕೇಳಿದ್ದನ್ನ ಮಗು ತನ್ನ ಮಾತಲ್ಲೇ ತಿರುಗಿ ಹೇಳಲಿ ಅನ್ನೋದು ಇಂಗ್ಲೆಂಡಿನ ಶಿಕ್ಷಕಿ ಷಾರ್ಲೆಟ್ ಮೇಸನ್ (1842–1923) ಅವರ ಪದ್ಧತಿ. ಮೂರು ನಿಮಿಷ ಮಾತಾಡಿದಳು, ಕನ್ನಡದಲ್ಲಿ! "ಇರುವೆ ಬೇಬಿ ಗಮ್ ಕೊಡ್ತದೆ" ಅಂದಳು. ತಿದ್ದಲಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ತೇಜಸ್ವಿಯವರ 'ಪರಿಸರದ ಕಥೆ'ಯನ್ನ ನೀವೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಸರ್ಟಿಫಿಕೇಟಿನ ಚಿಂತೆ ಇರೋರಿಗೆ, ಎನ್‌ಐಓಎಸ್‌ನಲ್ಲಿ 14 ತುಂಬಿದವರು ಹತ್ತನೇ ಕ್ಲಾಸಿಗೆ ಸೇರಬಹುದು. ಅದಕ್ಕೆ ಬೇರೆ ವಿಡಿಯೋ ಮಾಡ್ತೀನಿ.

ಅತ್ತೆಯಿಂದ ಎರಡನೇ ಕಥೆ ಬಂದಿದೆ: ಚಗಳಿ ಚಟ್ನಿ ಮಾಡೋದು ಹೇಗೆ ಅಂತ. ಈ ಭಾನುವಾರ ಆ ಮರದ ಹತ್ತಿರ ಮಗಳ ಕೈ ಹಿಡ್ಕೊಂಡೇ ನಿಲ್ಲಬೇಕು.